ನೆಲದಡಿಯ ನೀರು ಯಾರ ಸ್ವತ್ತು?

ನಮ್ಮ ನಿವೇಶನದಲ್ಲಿ, ನಮ್ಮ ಹಣದಿಂದ ಕೊರೆಯಿಸಿದ ಕೊಳವೆಬಾವಿಯ ನೀರು ನಮ್ಮದಲ್ಲವೇ? ಆಸ್ತಿಕ ಬಾಂಧವರೇ, ಈ ಪ್ರಶ್ನೆಯನ್ನು ನಾವು ಕೇವಲ ವಾದಕ್ಕಾಗಿ ಎತ್ತುತ್ತಿಲ್ಲ.

2019ರ ಬೇಸಿಗೆಯಲ್ಲಿ ಚೆನ್ನೈ ನಗರಕ್ಕೆ ನೀರುಣಿಸುವ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ನಾಲ್ಕೂ ಬಹುತೇಕ ಬತ್ತಿದವು. ಆಗ ನಮ್ಮ ವಸತಿ ಸಮುಚ್ಚಯದ ಸಭೆಯಲ್ಲಿ ಕೊಳವೆಬಾವಿಯನ್ನು ಇನ್ನೂ ಆಳಕ್ಕಿಳಿಸುವ ನಿರ್ಣಯ ಬಂದಿತು. ನಾವೂ ಕೈಯೆತ್ತಿದೆವು. ನೀರು ದೊರೆಯಿತು; ಆದರೆ ಕೆಲವೇ ವಾರಗಳಲ್ಲಿ ಪಕ್ಕದ ಮನೆಯ ಹಳೆಯ ಸೇದುವ ಬಾವಿ ಒಣಗಿತು. ಆ ಮನೆಯ ವೃದ್ಧ ಮಾತೆಯವರು ಮಡಿನೀರಿಗೆ ಆ ಬಾವಿಯನ್ನೇ ನಂಬಿದ್ದರು. ಅವರು ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಆ ದಿನಗಳಲ್ಲಿ ನಾವು ದೇವರಪೂಜೆಗೆ ಬಳಸಿದ ನೀರು ಮಡಿಯೇ ಎಂಬ ಶಂಕೆ ಮಾತ್ರ ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

1882ರ ಈಸ್‌ಮೆಂಟ್ಸ್ ಕಾಯಿದೆಯು ಭೂಮಾಲಿಕನಿಗೆ ತನ್ನ ನೆಲದಡಿಯ ನೀರನ್ನು ಸಂಗ್ರಹಿಸುವ ಹಕ್ಕನ್ನು ಮನ್ನಿಸುತ್ತದೆ. ಆದರೆ ಅಂತರ್ಜಲಕ್ಕೆ ಆವರಣದ ಗೋಡೆ ಗೊತ್ತಿಲ್ಲ. ಆಳದಿಂದ ಎಳೆದಷ್ಟೂ ಸುತ್ತಲ ನೀರಿನ ಮಟ್ಟ ಕುಸಿದು, ಮೊದಲು ಬತ್ತುವುದು ಆಳವಿಲ್ಲದ ಬಾವಿ. ಕಡಲತೀರದಲ್ಲಾದರೆ ಉಪ್ಪುನೀರೂ ಒಳನುಗ್ಗುತ್ತದೆ. ಬಾವಿ ಕೆರೆಗಳ ನಿರ್ಮಾಣವನ್ನು ನಮ್ಮ ಪೂರ್ವಿಕರು ಪೂರ್ತಕರ್ಮವೆಂದರು. ಕೆರೆ ಕಟ್ಟಿಸಿದವನು ಉತ್ಸರ್ಗವಿಧಿಯಿಂದ ತನ್ನ ಸ್ವತ್ವವನ್ನು ತ್ಯಜಿಸಿ, ನೀರನ್ನು ಸಕಲ ಪ್ರಾಣಿಗಳಿಗೆ ಬಿಟ್ಟುಕೊಡುತ್ತಿದ್ದನು. ನಾವೋ ತೋಡುವುದನ್ನು ಉಳಿಸಿಕೊಂಡು ಉತ್ಸರ್ಗವನ್ನು ಮರೆತೆವು.

"ನಾನೊಬ್ಬ ಬಿಟ್ಟರೆ ನೆರೆಯವನು ಎಳೆದುಕೊಳ್ಳುತ್ತಾನೆ" ಎಂಬ ಆಕ್ಷೇಪ ಸುಳ್ಳಲ್ಲ. ನಮ್ಮ ಸೇವಾಕಾಲದಲ್ಲಿ ಒಂಟಿಹಳಿಯ ಮಾರ್ಗಗಳಲ್ಲಿ ಟೋಕನ್ ಕೈಗೆ ಬಾರದೆ ಯಾವ ಚಾಲಕನೂ ಮುಂದಿನ ನಿಲ್ದಾಣಕ್ಕೆ ಗಾಡಿ ಹೊರಡಿಸುತ್ತಿರಲಿಲ್ಲ. ಎದುರಿನವನನ್ನೂ ಅದೇ ನಿಯಮ ಕಟ್ಟಿಹಾಕಿದೆಯೆಂಬ ಭರವಸೆಯಿಂದಲೇ ಅವನು ನಿಶ್ಚಿಂತನಾಗಿ ಕಾಯುತ್ತಿದ್ದನು. ಆದ್ದರಿಂದ ಒಬ್ಬನ ಸಂಯಮ ಸಾಲದು. ಬಳಸುವವರೆಲ್ಲ ಕೂಡಿ ಮಾಡಿಕೊಂಡ ನಿಯಮ, ಅಳತೆ, ಪರಸ್ಪರ ಮೇಲ್ವಿಚಾರಣೆಗಳು ಬೇಕು. ಸಮುದಾಯಗಳು ಹೀಗೆ ಸಾಮಾನ್ಯ ಸಂಪತ್ತನ್ನು ಕಾಯಬಲ್ಲವೆಂದು ತೋರಿಸಿಕೊಟ್ಟ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು.

ಇದಕ್ಕೆ ಈಗ ತ್ವರೆಯೂ ಇದೆ. ಬಿಸಿಯೇರಿದ ಗಾಳಿ ಹೆಚ್ಚು ತೇವವನ್ನು ಹಿಡಿದಿಟ್ಟು ಒಮ್ಮೆಲೇ ಸುರಿಸುತ್ತದೆ. ಸುರಿದದ್ದು ಇಂಗದೆ ಹರಿದುಹೋಗುತ್ತದೆ. 2015ರ ಡಿಸೆಂಬರಿನಲ್ಲಿ ಮುಳುಗಿದ ಚೆನ್ನೈಗೆ 2019ರ ಜುಲೈಯಲ್ಲಿ ಜೋಲಾರಪೇಟೆಯಿಂದ ರೈಲುಗಾಡಿಯಲ್ಲಿ, ಒಂದು ಸಲಕ್ಕೆ 25 ಲಕ್ಷ ಲೀಟರಿನಂತೆ, ನೀರು ಸಾಗಿಸಬೇಕಾಯಿತು. ತಮಿಳುನಾಡಿನಲ್ಲಿ 2003ರಲ್ಲೇ ಮಳೆನೀರಿನ ಕೊಯ್ಲು ಕಡ್ಡಾಯವಾಗಿತ್ತು. ನಮ್ಮ ಇಂಗುಗುಂಡಿಯಲ್ಲಿ ಮಾತ್ರ ಹೂಳು ತುಂಬಿತ್ತು.

ಮರುವರ್ಷ ಅದನ್ನು ತೆಗೆಸಿದೆವು. ಮನೆಮನೆಗೆ ಮೀಟರ್ ಇಡಿಸಿ, ಪಂಪಿಗೆ ವೇಳೆ ಗೊತ್ತುಮಾಡಿದೆವು. ಆ ಮಾತೆಯವರ ಅನುಮತಿ ಪಡೆದು ನಮ್ಮ ತಾರಸಿಯ ನೀರನ್ನು ಸೋಸಿ ಅವರ ಬಾವಿಗೆ ಹರಿಸಿದೆವು. ಈಗ ಮಳೆಗಾಲದಲ್ಲಿ ಅದರ ತಳದಲ್ಲಿ ನೀರು ಕಾಣುತ್ತದೆ. ಋಣ ತೀರಿತೆಂದು ನಾವು ಹೇಳಲಾರೆವು; ಋಣವಿದೆಯೆಂಬುದನ್ನು ಒಪ್ಪಿಕೊಂಡೆವು, ಅಷ್ಟೇ. ಕೊಡ ತುಂಬುವ ಮುನ್ನ ಓದುಗರೂ ತಮ್ಮ ನೆರೆಯ ಬಾವಿಯನ್ನೊಮ್ಮೆ ಇಣುಕಿ ನೋಡಬೇಕೆಂದು ನಮ್ಮ ಪ್ರಾರ್ಥನೆ.

ಶ್ರೀಕೃಷ್ಣಾರ್ಪಣಮಸ್ತು.