ಒಂದು ಬಂಗಡೆ, ಹತ್ತು ರೊಟ್ಟಿ

ಇಂಗ್ಲೆಂಡಿನ ನಮ್ಮ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಅಡುಗೆಯ ಪುಟ ಬಂದಾಗಲೆಲ್ಲ ಬಿಸಿಬೇಳೆ ಬಾತು, ಮೈಸೂರು ಪಾಕು, ಚಿರೋಟಿಗಳದೇ ಕಾರುಬಾರು. ಅವೆಲ್ಲ ನನಗೂ ಇಷ್ಟವೇ. ಆದರೆ ಸೊರಬ ಸೀಮೆಯ ಒಕ್ಕಲು ಮನೆಯಲ್ಲಿ ಬೆಳೆದವಳಿಗೆ ಊರ ಅಡುಗೆ ಎಂದ ಕೂಡಲೇ ನಾಲಿಗೆಗೆ ಬರುವುದು ಬಿಸಿ ಅಕ್ಕಿ ರೊಟ್ಟಿಯ ಮೇಲೆ ತೆಳ್ಳಗೆ ಸವರಿದ ಒಣಮೀನಿನ ಚಟ್ನಿ. ಒಲೆ ಹೊತ್ತಿದ್ದರೆ ಕಾಲು ಗಂಟೆಯ ಕೆಲಸ. ಇಂಗ್ಲೆಂಡಿಗೆ ಬಂದ ಮೇಲೆ ಊಟಕ್ಕೆ ಮುಂಚೆ ನೆಂಟರ ಕೈಗೆ ಏನು ಕೊಡುವುದು ಎಂಬ ಪ್ರಶ್ನೆ ಬಂದಾಗಲೆಲ್ಲ ನನ್ನ ಕೈಹಿಡಿದದ್ದು ಇದೇ ಚಟ್ನಿ. ಇದರ ಹಿಂದೆ ಒಂದು ಸೀಮೆಯ ಬದುಕೇ ಇದೆ. ಅದೂ ನಮ್ಮ ಸಂಚಿಕೆಯಲ್ಲಿ ದಾಖಲಾಗಬೇಕೆಂಬುದು ನನ್ನ ಆಸೆ.

ಸೊರಬ, ಶಿಕಾರಿಪುರ ಎರಡೂ ಘಟ್ಟದ ಮೇಲಿನ ಕೆರೆಗಳ ನಾಡು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕವಿ ಕುಬ್ಜ ರಚಿಸಿದ ಐದನೇ ಶತಮಾನದ ಸ್ತಂಭ ಶಾಸನವಿದೆಯಲ್ಲ, ಅದನ್ನು ನಾವು ಮಯೂರಶರ್ಮನ ಕಥೆಗಾಗಿ ನೆನೆಯುತ್ತೇವೆ. ಅದನ್ನು ಬರೆಸಿದ್ದು ಮಾತ್ರ ಕದಂಬರ ಕಾಕುತ್ಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ಒಂದು ಕೆರೆ ಕಟ್ಟಿಸಿದನೆಂದು ಹೇಳುವುದಕ್ಕೆ. ಅಂದಿನಿಂದ ಇಂದಿನವರೆಗೆ ಈ ಸೀಮೆ ಕೆರೆ ಕಟ್ಟುತ್ತಲೇ ಬಂದಿದೆ. ಶಿಕಾರಿಪುರ ಪೇಟೆಗೆ ಹುಚ್ಚರಾಯನ ಕೆರೆ, ಕುಮುದ್ವತಿ ಹೊಳೆಗೆ ಅಂಜನಾಪುರದಲ್ಲಿ ಕಟ್ಟೆ, ಇತ್ತ ದಂಡಾವತಿ, ವರದೆಯರ ಬಯಲಿನಲ್ಲಿ ಊರೂರಿಗೆ ಕೆರೆ. ಗುಡವಿಯ ಕೆರೆಗೆ ಮಳೆಗಾಲದಲ್ಲಿ ಬಂದಿಳಿದು ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳ ಹಿಂಡು ನೋಡಿದರೇ ಸಾಕು, ಸುತ್ತಿನ ನೀರಲ್ಲಿ ಮೀನಿಗೇನೂ ಕೊರತೆಯಿಲ್ಲವೆಂದು ತಿಳಿಯುತ್ತದೆ.

ಕೆರೆಯಲ್ಲಿ ಮೀನಿದ್ದರೂ ದಿನಾ ಹಿಡಿದು ತಿನ್ನುವ ರೂಢಿ ನಮ್ಮಲ್ಲಿರಲಿಲ್ಲ. ಕೆರೆ ಊರಿನದು, ಅದರ ಮೀನೂ ಊರಿನದು. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಊರವರು ಕೂತು ದಿನ ಗೊತ್ತು ಮಾಡುತ್ತಾರೆ. ಅದೇ ಕೆರೆಬೇಟೆ. 2024ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲೆ ಬೆಂಗಳೂರಿನವರಿಗೂ ಈ ಮಾತು ಪರಿಚಯವಾಗಿದೆ. ಕೂಣಿಗೆ ಇಷ್ಟು ಎಂದು ದುಡ್ಡು ಕಟ್ಟಬೇಕು, ಆ ಹಣ ಸಾಮಾನ್ಯವಾಗಿ ದೇವಸ್ಥಾನಕ್ಕೋ ಊರ ಕೆಲಸಕ್ಕೋ ಹೋಗುತ್ತದೆ. ಕೂಣಿ ಎಂದರೆ ಬಿದಿರಿನ ಸೀಳುಗಳಿಂದ ಹೆಣೆದ, ಎರಡೂ ಕಡೆ ಬಾಯಿ ತೆರೆದ ಬುಟ್ಟಿ. ಕೆಳಗೆ ಅಗಲ, ಮೇಲೆ ಕಿರಿದು. ಪೂಜೆ ಮುಗಿದು ಸೂಚನೆ ಸಿಕ್ಕಿದ್ದೇ ತಡ, ದಡದ ಸುತ್ತ ಕಾದಿದ್ದ ಜನವೆಲ್ಲ ಒಮ್ಮೆಗೇ ನೀರಿಗಿಳಿಯುತ್ತದೆ. ಕೂಣಿಯನ್ನು ಕೆಸರಿಗೆ ಒತ್ತಿ, ಎತ್ತಿ, ಮುಂದೆ ಹೆಜ್ಜೆಯಿಟ್ಟು ಮತ್ತೆ ಒತ್ತಬೇಕು. ಒಳಗೆ ಸಿಕ್ಕ ಮೀನು ಬಿದಿರಿಗೆ ಬಡಿದ ಹೊಡೆತ ಅಂಗೈಗೆ ತಾಕುತ್ತದೆ. ಆಗ ಮೇಲಿನ ಬಾಯಿಂದ ತೋಳು ಇಳಿಬಿಟ್ಟು ತಡಕಬೇಕು. ಕುಚ್ಚು ಮೀನಾದರೆ ಜಾರಿಕೊಳ್ಳುತ್ತದೆ, ಮುರುಗೋಡಾದರೆ ಮುಳ್ಳು ಚುಚ್ಚಿ ಕೈ ಉರಿಯುತ್ತದೆ. ಸೊಂಟಕ್ಕೆ ಕಟ್ಟಿದ ಚೀಲ ತುಂಬಿಸಿಕೊಂಡು ಕೆಸರಲ್ಲಿ ಮಿಂದ ಮೈಯಲ್ಲಿ ಜನ ಮೇಲೆ ಬರುತ್ತಾರೆ. ಆ ಸಂಜೆ ಇಡೀ ಊರಲ್ಲಿ ಒಂದೇ ವಾಸನೆ.

ಅದು ವರ್ಷಕ್ಕೊಂದು ಸಲದ ಸಂಭ್ರಮ. ಮಿಕ್ಕ ದಿನಗಳಿಗೆ ನಮ್ಮ ಮೀನು ಕರಾವಳಿಯದು, ಅದೂ ಒಣಗಿದ್ದು. ಹೊನ್ನಾವರ, ಕುಮಟಾ, ಭಟ್ಕಳದ ಕಡೆಯಿಂದ ಒಣ ಬಂಗಡೆ, ತಾರ್ಲೆ, ಸಿಗಡಿ ಘಟ್ಟ ಹತ್ತಿ ನಮ್ಮ ಸಂತೆಗಳಿಗೆ ಬರುತ್ತಿತ್ತು. ಬೈಂದೂರಿನಿಂದ ಕೊಲ್ಲೂರು, ಹೊಸನಗರದ ಮೇಲೆ ಶಿಕಾರಿಪುರ ಹಾದು ರಾಣೆಬೆನ್ನೂರಿಗೆ ಹೋಗುವ ಇಂದಿನ ಹೆದ್ದಾರಿಯೂ ಕಡಲನ್ನೂ ಬಯಲನ್ನೂ ಹಾಗೇ ಜೋಡಿಸುತ್ತದೆ. ಮಳೆಗಾಲ ಹಿಡಿಯುವ ಮುಂಚೆ ಒಣಮೀನು ತಂದು, ಬಿಸಿಲಿಗೆ ಇನ್ನೊಮ್ಮೆ ಹರವಿ, ಡಬ್ಬಿಗೆ ತುಂಬಿಡುವುದು ಮನೆಯೊಡತಿಯ ಜವಾಬ್ದಾರಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಇತ್ತ ಗದ್ದೆಯಲ್ಲಿ ನಾಟಿಯ ಆಳುಗಳು, ಅಂಗಳದಲ್ಲಿ ಬಿಡದ ಮಳೆ, ಮನೆ ತುಂಬ ಹಸಿದ ಹೊಟ್ಟೆ. ಆಗ ಮನೆ ನಡೆಸುತ್ತಿದ್ದದ್ದು ಆ ಡಬ್ಬಿ.

ಚಟ್ನಿ ಹುಟ್ಟಿದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ. ಇರುವ ಮೀನು ಒಂದೋ ಎರಡೋ, ತಿನ್ನುವವರು ಹತ್ತು ಮಂದಿ. ಸಾರು ಮಾಡಿದರೆ ತುಂಡು ಯಾರ ತಟ್ಟೆಗೆ ಎಂಬ ಲೆಕ್ಕ ಬರುತ್ತದೆ. ಚಟ್ನಿ ಮಾಡಿದರೆ ಎಲ್ಲರಿಗೂ ಸಮ. ಅವ್ವ ಒಣ ಬಂಗಡೆಯ ತಲೆ, ರೆಕ್ಕೆ ಮುರಿದು, ಹೆಚ್ಚಿನ ಉಪ್ಪು ಹೋಗಲೆಂದು ನೀರಲ್ಲಿ ಒಮ್ಮೆ ಜಾಲಿಸಿ, ಒರೆಸಿ, ಕೆಂಡದ ಮೇಲೆ ಸುಡುತ್ತಿದ್ದಳು. ಅದೇ ಕೆಂಡದಲ್ಲಿ ಒಣಮೆಣಸಿನಕಾಯಿ ಉಬ್ಬುವಷ್ಟು ಬಿಸಿ ಮಾಡಿ, ಒರಳಲ್ಲಿ ಕಾಯಿ, ಬೆಳ್ಳುಳ್ಳಿ, ವಾಟೆಹುಳಿಯ ಚೂರಿನ ಜೊತೆ ಕುಟ್ಟುತ್ತಿದ್ದಳು. ಮೀನಿನ ಸರದಿ ಕೊನೆಗೆ. “ಅದನ್ನ ಅರೀಬ್ಯಾಡ, ಮುರಿ ಸಾಕು” ಎನ್ನುತ್ತಿದ್ದಳು. ಈ ಒಂದು ಮಾತೇ ಇಡೀ ಅಡುಗೆಯ ಜೀವ. ಮೀನು ನುಣ್ಣಗಾದರೆ ಚಟ್ನಿ ಅಂಟಂಟಾಗಿ ಬರಿಯ ವಾಸನೆ ಉಳಿಯುತ್ತದೆ. ಎಳೆಯಾಗಿ ಉಳಿದರೆ ಹಲ್ಲಿಗೆ ಸಿಕ್ಕಾಗಲೆಲ್ಲ ಮೀನು ತಿಂದ ತೃಪ್ತಿ.

ಇಂಗ್ಲೆಂಡಿನ ಮನೆಯಲ್ಲಿ ಒಣಮೀನು ಸುಡುವುದು ಕಷ್ಟ. ಹೊಗೆಗೆ ಅಲಾರಂ ಕೂಗುತ್ತದೆ, ಪಕ್ಕದ ಮನೆಯವರಿಗೆ ಗಾಬರಿ. ಆದರೆ ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ಹೊಗೆಯಲ್ಲಿ ಬೇಯಿಸಿದ ಬಂಗಡೆ ಸಿಗುತ್ತದೆ. ಅಟ್ಲಾಂಟಿಕ್ ಸಮುದ್ರದ್ದು, ನಮ್ಮ ಬಂಗಡೆಗೆ ದಾಯಾದಿ, ಅದಕ್ಕಿಂತ ಜಿಡ್ಡು ಜಾಸ್ತಿ. ಇಲ್ಲಿಯವರು ಅದನ್ನು ಕ್ರೀಮ್ ಚೀಸ್, ನಿಂಬೆರಸದಲ್ಲಿ ಕಲಸಿ ಟೋಸ್ಟಿಗೆ ಹಚ್ಚುತ್ತಾರೆ. ಗ್ರೀಕರು ಉಪ್ಪು ಹಾಕಿಟ್ಟ ಮೀನಿನ ಮೊಟ್ಟೆಯನ್ನು ಬ್ರೆಡ್ಡು, ಆಲಿವ್ ಎಣ್ಣೆಯ ಜೊತೆ ಕಡೆದು ತಾರಮಸಲಾಟ ಮಾಡುತ್ತಾರೆ. ಕೂಡಿಟ್ಟ ಸ್ವಲ್ಪ ಮೀನನ್ನು ಹಿಗ್ಗಿಸಿ ಹಲವರಿಗೆ ಹಂಚುವ ಜಾಣ್ಮೆ ನಮ್ಮವರಿಗೆ ಮಾತ್ರ ಒಲಿದದ್ದಲ್ಲವೆಂದು ತಿಳಿದಾಗ ನನಗೆ ತುಂಬ ಸಂತೋಷವಾಯಿತು.

ನಾನು ಮಾಡುವ ಬಗೆ ಹೀಗೆ. ಐದು ಬ್ಯಾಡಗಿ ಮೆಣಸಿನಕಾಯಿ ಹುರಿದುಕೊಳ್ಳಿ. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಈ ಮೆಣಸು ಬಣ್ಣ ಧಾರಾಳವಾಗಿ ಕೊಟ್ಟು ಖಾರ ಹದವಾಗಿಡುತ್ತದೆ, ಖಾರ ತಿನ್ನದ ಅತಿಥಿಗಳಿಗೂ ಆಗಿಬರುತ್ತದೆ. ಅರ್ಧ ಬಟ್ಟಲು ಕಾಯಿತುರಿಯನ್ನು ಕೆಂಪಗೆ ಹುರಿದು, ಆರು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಹಣ್ಣು, ಆ ಮೆಣಸಿನಕಾಯಿಗಳ ಜೊತೆ ನೀರು ಸೋಕಿಸದೆ ತರಿತರಿಯಾಗಿ ರುಬ್ಬಿ. ಹೊಗೆ ಬಂಗಡೆಯ ಎರಡು ಹೋಳಿನ ಸಿಪ್ಪೆ ತೆಗೆದು, ಬೆರಳಿನಿಂದ ಮುಳ್ಳು ಹುಡುಕುತ್ತ ಎಳೆ ಎಳೆಯಾಗಿ ಬಿಡಿಸಿ ಆ ರುಬ್ಬಿದ್ದಕ್ಕೆ ಸೇರಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಕೈಯಲ್ಲೇ ಕಲಸಿ. ಉಪ್ಪನ್ನು ರುಚಿ ನೋಡದೆ ಹಾಕಬೇಡಿ, ಮೀನಲ್ಲೇ ಬೇಕಾದಷ್ಟಿದೆ. ಬಂಗಡೆ ಸಿಗದಿದ್ದರೆ ಡಬ್ಬಿಯ ತಾರ್ಲೆ, ಅಂದರೆ ಸಾರ್ಡೀನ್, ಎಣ್ಣೆ ಬಸಿದು ಬಳಸಿ. ಡಬ್ಬಿಯನ್ನು ಮುಚ್ಚಿ ಒತ್ತಡದಲ್ಲಿ ಕಾಯಿಸುವುದರಿಂದ ಅದರ ಮುಳ್ಳು ಮೆತ್ತಗಾಗಿರುತ್ತದೆ, ಹಿಸುಕಿದರೆ ಕರಗುತ್ತದೆ, ಸುಣ್ಣದಂಶವೂ ಹೊಟ್ಟೆಗೆ ಸೇರುತ್ತದೆ. ಅಂಗೈಯಗಲದ ಪುಟ್ಟ ಅಕ್ಕಿ ರೊಟ್ಟಿ ತಟ್ಟಿ ಕಾಲು ಭಾಗ ಮಾಡಿ ಅದರ ಮೇಲೆ ಹಚ್ಚುವುದು ನನಗೆ ಪ್ರಿಯ. ಸೌತೆಕಾಯಿ ಬಿಲ್ಲೆಯೂ ಚೆನ್ನ.

ಒಮ್ಮೆ ರಾಜ್ಯೋತ್ಸವದ ಕೂಟಕ್ಕೆ ಇದನ್ನು ಒಯ್ದಿದ್ದೆ. ಮೇಜಿನ ತುದಿಯಲ್ಲಿ ಬೇರೆಯಾಗಿ ಇಟ್ಟು, ಮೀನಿದೆಯೆಂದು ಚೀಟಿ ಬರೆದಿದ್ದೆ. ವಯಸ್ಸಾದ ಒಬ್ಬರು ಚೀಟಿ ಓದದೆಯೇ, ಬರಿಯ ಘಮದ ಜಾಡು ಹಿಡಿದು ಬಂದರು. “ಏನ್ ತಂಗಿ, ಒಣಮೀನ್ ಚಟ್ನಿ ಅಲ್ಲೇನು? ಯಾವೂರವ್ವ ನಿಂದು?” ಎಂದರು. ಶಿಕಾರಿಪುರದವರು. ಆಮೇಲೆ ಭಾಷಣಗಳು ಮುಗಿಯುವವರೆಗೂ ನಮ್ಮಿಬ್ಬರದು ಕೆರೆಯ ಮಾತೇ. ಈಗ ಎಷ್ಟೋ ಕೆರೆಗಳು ಗುತ್ತಿಗೆಗೆ ಹೋಗಿ ಕಾಟ್ಲಾ, ರೋಹು, ಮೃಗಾಲ್ ಸಾಕುತ್ತಿರುವುದನ್ನು ಅವರು ಹೇಳಿದರು. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಈ ಬಗೆಯ ಮೀನುಗಳಿಗೆ ಮೊಟ್ಟೆ ಇಡಿಸಿ ತೋರಿಸಿದ್ದರಿಂದಲೇ ಇಂದು ಹಳ್ಳಿಯ ಕೆರೆಗೂ ಮರಿ ಸಿಗುತ್ತಿದೆ. ಅದು ದೊಡ್ಡ ಉಪಕಾರ, ಬಡವರ ಬಾಯಿಗೆ ಮೀನು ಬಂತು. ಆದರೂ ಕುಚ್ಚು, ಮುರುಗೋಡಿನ ರುಚಿ ಬಲ್ಲವರಿಗೆ ಅವು ಅಪರೂಪವಾಗುತ್ತಿರುವುದು ನೋವೇ. ಅಡುಗೆಯ ದೃಷ್ಟಿಯಿಂದಲೂ ವ್ಯತ್ಯಾಸವಿದೆ. ಕುಚ್ಚಿನಲ್ಲಿ ಮುಳ್ಳು ಕಡಿಮೆ, ಬೇಯಿಸಿ ಬಿಡಿಸಿದರೆ ಚಟ್ನಿಗೆ ಸಿದ್ಧ. ಕಾಟ್ಲಾದ ಮಾಂಸದೊಳಗೆ ಕವಲು ಕವಲಾದ ಸಣ್ಣ ಮುಳ್ಳುಗಳಿವೆ. ಊರಿಗೆ ಹೋದಾಗ ಅದರಲ್ಲಿ ಮಾಡುವವರು ದೊಡ್ಡ ಮೀನಿನ ಹೊಟ್ಟೆಯ ಭಾಗವನ್ನೇ ಆರಿಸಿಕೊಳ್ಳಿ, ಮಕ್ಕಳಿಗೆ ಕೊಡುವಾಗ ಎರಡು ಸಲ ತಡವಿ ನೋಡಿ.

ಕೂಟಕ್ಕೆ ಒಯ್ಯುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಬಂಗಡೆ, ತಾರ್ಲೆಯಂಥ ಮೀನು ಬೆಚ್ಚಗಿನ ಜಾಗದಲ್ಲಿ ಬಹಳ ಹೊತ್ತು ಉಳಿದರೆ ಹಿಸ್ಟಮೀನ್ ಎಂಬ ವಸ್ತು ಹೆಚ್ಚಿ, ತಿಂದವರ ಮೈ ಕೆಂಪಾಗಿ ತುರಿಸುತ್ತದೆ, ತಲೆ ಸಿಡಿಯುತ್ತದೆ. ಮತ್ತೆ ಕುದಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ಐಸ್ ಇಟ್ಟ ಪೆಟ್ಟಿಗೆಯಲ್ಲಿ ಒಯ್ಯಿರಿ, ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ. ಚಟ್ನಿಗೆ ಅದರದೇ ಚಮಚ ಇಡಿ, ಸಸ್ಯಾಹಾರಿ ಸ್ನೇಹಿತರಿಗೆ ಮುಜುಗರವಾಗದಿರಲಿ.

ಸೊರಬ, ಶಿಕಾರಿಪುರ, ಸಾಗರದ ಕಡೆಯ ಹೆಣ್ಣುಮಕ್ಕಳು, ಗಂಡುಮಕ್ಕಳು ನಮ್ಮ ಸಂಘಗಳಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಮನೆಯ ಚಟ್ನಿಗೆ ಹುಳಿ ಯಾವುದು, ಕಾಯಿ ಸುಡುತ್ತೀರೋ ಹುರಿಯುತ್ತೀರೋ, ಸಿಗಡಿಗೆ ಈರುಳ್ಳಿ ಹಸಿಯೋ ಬಾಡಿಸಿದ್ದೋ, ಇದನ್ನೆಲ್ಲ ಬರೆದು ಮುಂದಿನ ಸಂಚಿಕೆಗೆ ಕಳಿಸಿ. ಅಳತೆ ಗೊತ್ತಿಲ್ಲದಿದ್ದರೂ ಸರಿ, ಕೈಯಂದಾಜಿನಲ್ಲೇ ಬರೆಯಿರಿ. ಊರಲ್ಲಿ ಅವ್ವ, ಅತ್ತೆ, ಚಿಕ್ಕಮ್ಮ ಇದ್ದರೆ ಈ ವಾರವೇ ಫೋನ್ ಮಾಡಿ ಕೇಳಿ.