ಕಲ್ಲಿನ ಮೇಲಣ ಮಾತು ಯಾರದು?

ಸತ್ತವನ ಬಾಯಲ್ಲಿ ಬದುಕಿರುವವರು ಮಾತನ್ನಿಡಬಹುದೆ? ಇಟ್ಟರೆ ಆ ಮಾತಿನ ಹೊಣೆ ಯಾರದು? ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಸೇರಿದ ಹೆನ್‌ಬರಿಯ ಸೇಂಟ್ ಮೇರಿ ಚರ್ಚಿನ ಸ್ಮಶಾನದಲ್ಲಿ ಈ ಪ್ರಶ್ನೆಯನ್ನೆಬ್ಬಿಸುವ ಸಮಾಧಿಯೊಂದುಂಟು. ತಲೆಯ ಕಡೆಗೊಂದು, ಕಾಲಿನ ಕಡೆಗೊಂದು ಕಲ್ಲು. ಎರಡಕ್ಕೂ ಬಣ್ಣ ಬಳಿದು ಕಪ್ಪು ಮೊಗದ ದೇವದೂತಶಿಶುಗಳನ್ನು ಮೂಡಿಸಿದ್ದಾರೆ. ಅಲ್ಲಿ ಮಲಗಿರುವವನು ಸಿಪಿಯೋ ಆಫ್ರಿಕಾನಸ್ ಎಂಬ ತರುಣ. ಸಫೋಕಿನ ಅರ್ಲ್ ಪದವಿಯ ಚಾರ್ಲ್ಸ್ ವಿಲಿಯಂ ಹೋವರ್ಡನ ಸೇವಕನಾಗಿದ್ದು, 1720ರ ಡಿಸೆಂಬರ್ 21ರಂದು 18ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅವನ ಬಾಳನ್ನು ಅರಸಹೊರಟವನಿಗೆ ದೊರೆಯುವುದು ಬಹುಮಟ್ಟಿಗೆ ಇಷ್ಟೇ. ಹುಟ್ಟಿದೂರು, ಹೆತ್ತವಳು ಕರೆದ ಹೆಸರು ಕಲ್ಲಿನ ಮೇಲಿಲ್ಲ. ಇರುವ ಹೆಸರಾದರೋ ಕ್ರಿ. ಪೂ. 202ರಲ್ಲಿ ಆಫ್ರಿಕದ ನೆಲದಲ್ಲಿ ಹ್ಯಾನಿಬಲನನ್ನು ಸೋಲಿಸಿದ ರೋಮನ್ ಸೇನಾಪತಿಯದು. ಗೆದ್ದವನ ಬಿರುದನ್ನು ದಾಸ್ಯದಲ್ಲಿ ಹುಟ್ಟಿದವನಿಗೆ ತೊಡಿಸಿದುದು ವಿನೋದವೋ ಕ್ರೌರ್ಯವೋ! 1698ರಲ್ಲಿ ಲಂಡನ್ನಿನ ಕಂಪನಿಯ ಏಕಸ್ವಾಮ್ಯ ಮುರಿದ ಮೇಲೆ ಬ್ರಿಸ್ಟಲಿನ ವರ್ತಕರು ಗುಲಾಮರ ವ್ಯಾಪಾರದಲ್ಲಿ ಬಲಿತಿದ್ದರು. ಆದಕಾರಣ ಇವನೂ ಅವರ ಹಡಗಿನಲ್ಲಿಯೇ ಬಂದನೆಂದು ಬರೆದುಬಿಡುವ ಆಸೆ ಶೋಧಕನಿಗೆ ಹುಟ್ಟುವುದು ಸಹಜ. ಆದರೆ ಹಾಗೆ ಬರೆದರೆ, ಹೆಸರಿಟ್ಟವರು ಮಾಡಿದ ಕೆಲಸವನ್ನೇ ಅವನೂ ಮಾಡಿದಂತಾಗುವುದಿಲ್ಲವೆ? ತನಗೆ ಬೇಕಾದ ಬಾಳೊಂದನ್ನು ಸತ್ತವನಿಗೆ ಹೊದಿಸಿದಂತಾಗುವುದಿಲ್ಲವೆ?

ಜಿಜ್ಞಾಸೆಯ ಮೂಲವಿರುವುದು ಕಾಲ್ಗಲ್ಲಿನ ಪದ್ಯದಲ್ಲಿ. ಅದು ಉತ್ತಮಪುರುಷದಲ್ಲಿದೆ, ಮೃತನೇ ನುಡಿಯುವಂತೆ ರಚಿತವಾಗಿದೆ. ದಾಸ್ಯದ ಹುಟ್ಟನ್ನು ನೆನೆದು, ಕ್ರೈಸ್ತನಾಗಿ ಸತ್ತುದಕ್ಕೆ ಹರ್ಷಿಸಿ, ಇಹದ ಒಡೆಯನ ಕೃಪೆಯನ್ನು ಅದು ಕೊಂಡಾಡುತ್ತದೆ. ಆ ಕೃತಜ್ಞತೆ ಅವನ ಹೃದಯದಲ್ಲಿ ಇದ್ದಿರಲೂಬಹುದು. ಆದರೆ ಕಲ್ಲು ಸಾಕ್ಷಿ ಹೇಳುವುದು ಕೆತ್ತಿಸಿದವರ ಮನಸ್ಸಿಗೆ, ಮಲಗಿರುವವನ ಮನಸ್ಸಿಗಲ್ಲ. ನಮ್ಮ ದಾನಶಾಸನಗಳನ್ನು ಓದುವವರಿಗೆ ಈ ವಿವೇಕ ಹೊಸದೇನಲ್ಲ. ಅಲ್ಲಿಯೂ ಕೊಟ್ಟವನ ಕೀರ್ತಿಯೇ ಕೇಳಿಸುವುದು, ಭೂಮಿಯನ್ನು ಉತ್ತವನ ದನಿಯಲ್ಲ.

ಹಾಗೆಂದು ಆ ಮನೆಯವರ ಮಮತೆಯೆಲ್ಲ ಕಪಟವೆಂದು ತಳ್ಳಿಹಾಕುವುದೂ ಅನ್ಯಾಯವೇ. ಬಡವರನ್ನು ಗುರುತಿಲ್ಲದೆ ಹೂಳುತ್ತಿದ್ದ ಕಾಲದಲ್ಲಿ ಸೇವಕನೊಬ್ಬನಿಗೆ ಎರಡು ಚಿತ್ರಿತ ಶಿಲೆಗಳು ದೊರೆತವು. ಒಡೆತನವೂ ಅಕ್ಕರೆಯೂ ಒಂದೇ ಮನೆಯಲ್ಲಿ ಕೂಡಿ ಬಾಳಬಲ್ಲವೆಂಬುದೇ ಇಲ್ಲಿ ನುಂಗಲಾರದ ತುತ್ತು.

2020ರ ಜೂನ್ ತಿಂಗಳಿನಲ್ಲಿ, ಗುಲಾಮವ್ಯಾಪಾರಿ ಕೋಲ್ಸ್ಟನನ ಪ್ರತಿಮೆಯನ್ನು ಬ್ರಿಸ್ಟಲಿನ ಜನ ಉರುಳಿಸಿದ ಕೆಲವೇ ದಿನಗಳಲ್ಲಿ, ಯಾರೋ ಈ ಸಮಾಧಿಯ ತಲೆಗಲ್ಲನ್ನು ಒಡೆದರು. ಮುನ್ನೂರು ವರ್ಷಗಳ ಹಿಂದೆ ಸತ್ತ ಹುಡುಗನ ಮೇಲೆ ಅದಾವ ಹಗೆಯೋ! ಅವನ ಮೈಯ ಕಪ್ಪು ಪರಲೋಕದಲ್ಲಿ ಬೆಳಕಾಗಿ ಮಾರ್ಪಡುವುದೆಂದು ಆ ಪದ್ಯ ಹಾರೈಸಿದೆ. ಶಿಲ್ಪಿ ಕೆತ್ತಿದ ದೇವದೂತರು ಮಾತ್ರ ಕಪ್ಪಾಗಿಯೇ ಇದ್ದಾರೆ.