ಫಲಾನುಭವಿಯೋ, ಪಾಲುದಾರಳೋ?

2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ ಲಂಬಾಣಿ ಕಸೂತಿಯ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸೂಜಿ ಹಿಡಿದವರು ಸಂಡೂರು ಕುಶಲ ಕಲಾ ಕೇಂದ್ರದೊಡನೆ ದುಡಿಯುವ 450ಕ್ಕೂ ಹೆಚ್ಚು ಮಂದಿ. ಸರಕಾರ, ಸಂಸ್ಥೆ, ಕುಶಲಕರ್ಮಿ ಕೈಜೋಡಿಸಿದರೆ ಏನಾಗಬಹುದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆಯೇ ಸರಿ. ಆದರೆ ಬಡತನ ನಿವಾರಣೆಯ ಮಾತು ಬಂದಾಗಲೆಲ್ಲ ಒಂದು ಪದ ನನ್ನನ್ನು ಕಾಡುತ್ತದೆ. ಇಲಾಖೆ ಪಾಲುದಾರ, ಕಂಪೆನಿ ಪಾಲುದಾರ, ಸ್ವಯಂಸೇವಾ ಸಂಸ್ಥೆಯೂ ಪಾಲುದಾರ. ಬಡವಳು ಮಾತ್ರ ‘ಫಲಾನುಭವಿ’. ಗಿಡ ನೆಟ್ಟವಳನ್ನೇ ಹಣ್ಣು ತಿನ್ನಲು ಬಂದವಳೆಂದು ಕರೆಯುವ ಈ ಪದವನ್ನು ಯಾರು ಹುಟ್ಟುಹಾಕಿದರೋ!

ಝಕಾತ್ ಉಳ್ಳವರ ಔದಾರ್ಯವಲ್ಲ, ಇಲ್ಲದವರ ಹಕ್ಕು. ಹನಫೀ ಫಿಕ್ಹ್ ಇದಕ್ಕೆ ‘ತಮ್ಲೀಕ್’ ಎಂಬ ಷರತ್ತು ಹಾಕುತ್ತದೆ. ಅಂದರೆ ಪಡೆದವನನ್ನು ಆ ಹಣದ ಒಡೆಯನನ್ನಾಗಿ ಮಾಡಬೇಕು. ಆದ್ದರಿಂದಲೇ ಝಕಾತಿನ ಹಣದಲ್ಲಿ ಮಸೀದಿ ಕಟ್ಟುವಂತಿಲ್ಲ. ಗೋಡೆ ಯಾವುದಕ್ಕೂ ಒಡೆಯನಾಗಲಾರದು. (ರಮಝಾನಿನಲ್ಲಿ ಬಡವರನ್ನು ಸಾಲಾಗಿ ನಿಲ್ಲಿಸಿ, ಪಡಿ ಹಂಚಿ, ಫೋಟೊ ತೆಗೆಸಿಕೊಳ್ಳುವ ನಮ್ಮವರು ಷರತ್ತಿನ ಅಕ್ಷರ ಉಳಿಸಿ ಜೀವ ತೆಗೆಯುತ್ತಾರೆ, ಆ ಮಾತು ಬೇರೆ.)

ಈ ಅಳತೆಗೋಲನ್ನು ಕಸೂತಿಗೆ ಹಿಡಿದು ನೋಡೋಣ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 1999ರ ಕಾಯ್ದೆಯಂತೆ ಇಂತಹ ಹೆಸರಿನ ನೋಂದಾಯಿತ ಒಡೆತನ ಉತ್ಪಾದಕರನ್ನು ಪ್ರತಿನಿಧಿಸುವ ಸಂಘ-ಸಂಸ್ಥೆಗಳದು; ಹೊಲಿಯುವವಳು ‘ಅಧಿಕೃತ ಬಳಕೆದಾರಳು’ ಎಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ತಾಂಡಾದಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ವಿದ್ಯೆಗೆ ಅರ್ಜಿ ಹಾಕಿ ಬಳಕೆದಾರಳಾಗುವುದು! ಸಂಸ್ಥೆಯೇ ಬೇಡವೆಂದು ಇದರ ಅರ್ಥವಲ್ಲ. ಬಟ್ಟೆ, ನೂಲು, ಕನ್ನಡಿ ಹೊಂದಿಸಿ ದೂರದ ಪೇಟೆ ಹುಡುಕುವುದು ಒಬ್ಬಳಿಂದ ಆಗುವ ಕೆಲಸವಲ್ಲ. ಝಕಾತ್ ಸಂಗ್ರಹಿಸುವವರಿಗೂ ಕುರ್‌ಆನ್ ಪಾಲಿಟ್ಟಿದೆ. ಆದರೆ ಅದು ಅವರ ದುಡಿಮೆಯ ಕೂಲಿ, ನಿಧಿಯ ಒಡೆತನವಲ್ಲ.

ಹೊಸಪೇಟೆ, ಕಂಪ್ಲಿ ಕಡೆ ತುಂಗಭದ್ರೆಯ ಕಾಲುವೆಗಳಿವೆ. ಭತ್ತ ನಾಟಿ ಮಾಡುವ ಎಷ್ಟೋ ಹೆಣ್ಣಾಳುಗಳಿಗೆ ಸ್ವಂತ ಗದ್ದೆಯಿಲ್ಲ. ಸಂಡೂರಿನಲ್ಲಿ ಅದಿರಿದೆ. 2015ರ ಕಾನೂನು ತಿದ್ದುಪಡಿಯ ನಂತರ ಹಳೆಯ ಗಣಿ ಗುತ್ತಿಗೆದಾರರು ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ. 10ರಷ್ಟು ಮೊತ್ತವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕಾಗಿದೆ. ಗಣಿಬಾಧಿತ ಜನರ ಮತ್ತು ಪ್ರದೇಶಗಳ ಹಿತಕ್ಕಾಗಿಯೇ ಆ ಹಣವೆಂದು ಕಾಯ್ದೆ ಹೇಳುತ್ತದೆ. ಹಾಗಾದರೆ ಅದು ಕೆಂಧೂಳು ಕುಡಿದವಳ ಹಣ. ಅದರಲ್ಲಿ ಸಮುದಾಯ ಭವನ ಕಟ್ಟಬೇಕೋ, ನೂಲು ಕೊಳ್ಳಲು ಬಂಡವಾಳ ಬೇಕೋ ಎಂದು ಅವಳನ್ನೇ ಕೇಳಿ ಬರೆದುಕೊಂಡ ಕಡತಗಳು ಎಷ್ಟಿದ್ದಾವು?